ಕಡವೆ ಅಡ್ಡ ಬಂದ ತಿರುವು

ಇಲ್ಲಮ್ಮ, ಇಲ್ಲ! ಎಚ್ಚರ ತಪ್ಪಿ ಬಿದ್ದಿದ್ದೇ ಇಲ್ಲ ನಾನು. ಆಗ್ಲೇ ಒಂದ್ಸಲ ಕೇಳಿದ್ಯಲ್ಲ... ಸರಿ ಸರಿ, ಎಡಕ್ಕೆ ತಿರುಗಿ ಮಲಗ್ತೀನಿ. ಅಬ್ಬಾ! ಏನು ತಣ್ಣಗಿದೆ ಎದೆಗೆ ಹಚ್ಚೋ ಈ ಲೋಳೆ! ಯಾಕೆ ನಗ್ತೀಯಾ? ಅರವತ್ತೇಳು ಚಳಿಗಾಲ ಕಂಡ ಮುದುಕ ಇಷ್ಟಕ್ಕೇ ಕಿರುಚ್ತಾನಲ್ಲ ಅಂತಾನಾ?

ಹಿಲ್ಯಾ ಅಲ್ವಾ ನಿನ್ನ ಹೆಸ್ರು? ಬಿಲ್ಲೆ ಮೇಲಿದೆ. ನಾನು ಟೌನೊ. ನಮ್ಮೂರ ಸ್ಕೂಲ್ ಟ್ಯಾಕ್ಸಿ ನಂದೇ. ನಾಲ್ಕು ಮಕ್ಕಳನ್ನ ದಿನಾ ಸ್ಕೂಲಿಗೆ ಬಿಟ್ಟು ಕರ್ಕೊಂಡು ಬರೋದು. ಲೈಸೆನ್ಸ್ ಹೊಸದು ಮಾಡ್ಸೋಕೆ ಇಸಿಜಿ ತೆಗೆದ್ರು ನೋಡು, ಅಲ್ಲಿಂದ ಶುರು ಈ ರಗಳೆ. ಹೃದಯದ ಎಡಗಡೆಗೆ ಕರೆಂಟು ತಡವಾಗಿ ಹೋಗ್ತಿದೆಯಂತೆ. ಕೂಪಿಯೊ ಪಟ್ಟಣದ ಆಸ್ಪತ್ರೆಗೆ ಹೋಗಿ ಎಕೋ ಸ್ಕ್ಯಾನ್ ಮಾಡಿಸ್ಕೊ, ಹೃದಯ ರಕ್ತಾನ ಸರಿಯಾಗಿ ತಳ್ತಿದೆಯಾ ನೋಡ್ಬೇಕು ಅಂದ್ರು.

ಆ ಸ್ಕ್ರೀನ್ ಸ್ವಲ್ಪ ಈಚೆ ತಿರುಗ್ಸು... ಹಾಂ. ಅಯ್ಯೋ, ನನ್ನ ಹೃದಯಾನಾ ಅದು? ಮಧ್ಯದ ಗೋಡೆ ಮೊದ್ಲೇ ಜಿಗಿಯುತ್ತೆ, ಆಚೆ ಗೋಡೆ ನಿಧಾನಕ್ಕೆ, ಆಮೇಲೆ... ಒಂದೇ ದೋಣೀಲಿ ಜಗಳ ಆಡ್ಕೊಂಡು ಹುಟ್ಟು ಹಾಕ್ತಿರೋ ಗಂಡ ಹೆಂಡ್ತಿ ಥರ!

ಹೆಂಡ್ತಿ? ಇಲ್ಲ ತಾಯಿ. ಅವಳು ಹೋಗಿ ಎರಡು ವರ್ಷ ಆಯ್ತು. ಲೆಂಪಿ ಅಂತ. ಭಾನುವಾರ ಮಧ್ಯಾಹ್ನ ಅವಳ ತಂಗಿ ಮನೆಗೆ ಕಾಫಿಗೆ ಹೊರಟಿದ್ವಿ. ದಾರೀಲಿ ಒಂದು ತಿರುವಲ್ಲಿ ಕಡವೆ ಅಡ್ಡ ಬಂತು. ಕುದುರೆಗಿಂತ ಎತ್ತರ! ತಪ್ಪಿಸೋಕೆ ಹೋಗಿ ಮರಕ್ಕೆ ಗುದ್ದಿದೆ. ಮಗಳು ಸಾತು ಅರ್ಜಿ ಮೇಲೆ ಅರ್ಜಿ ಹಾಕಿ ಆ ತಿರುವಲ್ಲಿ ಕಡವೆ ಇದೆ ಎಚ್ಚರಿಕೆ ಅನ್ನೋ ಬೋರ್ಡು ನೆಡಿಸಿದ್ಲು. ಬೇಟೆಯವರು ಒಂದು ಕಡವೆ ಹೊಡೆದು, ಇದೇ ಇರ್ಬೇಕು ಟೌನೊ ಅಂತ, ತೊಡೆ ಮಾಂಸ ತಂದುಕೊಟ್ರು. ತಿಂದೆ. ಏನ್ ಮಾಡ್ಲಿ, ಬಾಗಿಲಲ್ಲೇ ಟೋಪಿ ತೆಗೆದು ನಿಂತಿದ್ರು...

ಉಸಿರು ಹಿಡೀಬೇಕಾ? ಹ್ಞೂಂ... ಬಿಡ್ಲಾ?

ಅಲ್ಲ, ಸುಮ್ನೆ ಕೇಳ್ತೀನಿ. ಈ ಕರೆಂಟು ಒಂದೊಂದ್ಸಲ ಪೂರ್ತಿ ನಿಂತುಬಿಟ್ರೆ... ಮನುಷ್ಯನಿಗೆ ಮೊದ್ಲೇ ಗೊತ್ತಾಗುತ್ತಾ? ಇಲ್ಲಾ ದೀಪ ಆರಿದ ಹಾಗೆ...?

ಯಾಕೆ ಕೈ ನಿಲ್ಲಿಸ್ದೆ?

ಸುಮ್ನೆ ಕೇಳ್ದೆ ಅಂದ್ನಲ್ಲ! ಹಿಲ್ಯಾ? ಹಾಗೆ ನೋಡ್ಬೇಡ ಮಾರಾಯ್ತಿ. ಪೊಲೀಸರೂ ಹೀಗೇ ನೋಡಿದ್ರು. ಹಿಮದ ಮೇಲೆ ಒಂದೂ ಗೊರಸಿನ ಗುರುತಿಲ್ವಲ್ಲ ಟೌನೊ ಅಂದ್ರು. ಗಾಳಿ ಮುಚ್ಚಿಬಿಡ್ತು ಅಂದೆ. ಗಾಳಿ ಎಲ್ಲಿತ್ತು? ಎಲೆ ಅಲ್ಲಾಡ್ತಿರಲಿಲ್ಲ ಅವತ್ತು...

ಇರ್ಲಿಲ್ಲ. ಯಾವ ಕಡವೇನೂ ಇರ್ಲಿಲ್ಲ.

ಲೆಂಪಿ ತನ್ನ ತಂಗಿ ಮಾಡೋ ಬನ್ ಬಗ್ಗೆ ಏನೋ ಆಡ್ಕೊಂಡು ನಗ್ತಿದ್ಲು. ಅಷ್ಟೇ. ಆಮೇಲೆ ಏನೂ ಇಲ್ಲ. ಕಣ್ಣು ಬಿಟ್ಟಾಗ ಗಾಡಿ ಮರಕ್ಕೆ ಒತ್ಕೊಂಡಿತ್ತು, ವೈಪರ್ ಓಡ್ತಾನೇ ಇತ್ತು, ಲೆಂಪಿ ಕೈ... ಸ್ಟೀರಿಂಗ್ ಮೇಲಿತ್ತು, ಹಿಲ್ಯಾ. ಗಟ್ಟಿಯಾಗಿ ಹಿಡ್ಕೊಂಡಿದ್ಲು. ಎದುರುಗಡೆಯಿಂದ ಬರ್ತಿದ್ದ ದಿಮ್ಮಿ ಲಾರಿಯವನು ಇಳಿದು ಓಡಿ ಬಂದ. ಸೀದಾ ನನ್ನ ಮೇಲೇ ಬರ್ತಿದ್ದೆ, ಕೊನೇ ಗಳಿಗೇಲಿ ತಿರುಗಿಸ್ದೆಯಲ್ಲ ಮಾರಾಯ, ಇಲ್ಲಾಂದ್ರೆ ಇಬ್ರೂ ಹೋಗ್ತಿದ್ರಿ ಅಂದ. ತಿರುಗಿಸಿದ್ದು ಅವಳು! ತನ್ನ ಕಡೆಗೇ ಎಳ್ಕೊಂಡ್ಲು ಮರಾನ!

ಅಪ್ಪನ ಕೈ ಎಷ್ಟು ಚುರುಕು ನೋಡಿ ಅಂತ ಸಾತು ಇವತ್ತಿಗೂ ಎಲ್ಲರ ಹತ್ರ ಹೇಳ್ತಾಳೆ. ನಾನು ಹ್ಞೂಂ ಅಂತ ತಲೆ ಬಗ್ಗಿಸ್ತೀನಿ.

ಹೋದ ತಿಂಗಳು ಸೌದೆ ಶೆಡ್ಡಲ್ಲಿ ಮತ್ತೆ ಹಾಗೇ ಎಚ್ಚರ ತಪ್ಪಿ ಬಿದ್ದೆ. ಮಾರನೇ ದಿನ ಮಕ್ಕಳನ್ನ ಕೂರಿಸ್ಕೊಂಡು ಗಾಡಿ ಓಡಿಸ್ದೆ. ಬರ್ಕೊ. ಎಲ್ಲಾ ಬರ್ಕೊ. ಬೈಬಾರ್ದಾ ಒಂದು ಮಾತು?

...ಹೌದು, ಹೊರಗೆ ಕೂತಿರೋದು ಅವಳೇ. ಸಾತು. ಒಳಗೆ ಕರಿ.

ತಡಿ, ತಡಿ... ಮೊದ್ಲು ನನ್ನ ಅಂಗಿ ಕೊಡು ತಾಯಿ. ಹೀಗೆ ಬರಿಮೈಲಿ ಮಲಗ್ಕೊಂಡು ಅವಳಿಗೆ ಇದನ್ನ ಹೇಳೋಕಾಗಲ್ಲ.