ಇದ್ದಿಲು ಇಡದ ಗಂಟು

ನಾನು ಹೇಳುವುದರಲ್ಲಿ ಅರ್ಧ ಸುಳ್ಳಿರುತ್ತದೆ ಅಂತ ಊರಿಗೇ ಗೊತ್ತು. ಇದು ಉಳಿದರ್ಧ. ಆ ದೀಪ ಒಂಚೂರು ಸಣ್ಣದು ಮಾಡ್ರಿ... ಹಾಂ.

ನಮ್ಮ ಕಾಕಾನ ಮಗ ಚಂದ್ರಾಮ, ಹೋದ ಬೇಸಿಗೆಯ ಒಂದು ರಾತ್ರಿ ಅಕ್ಕನ ಊರಿನಿಂದ ಸೈಕಲ್ ತುಳಿಯುತ್ತ ಬರುತ್ತಿದ್ದ. ತಂಗಡಗಿ ಕಡೆ ಕೃಷ್ಣೆಯ ಹಿನ್ನೀರು ಇಳಿದಿತ್ತು. ಅಲ್ಲಲ್ಲಿ ಕೆರೆಯಂತೆ ನಿಂತ ನೀರು, ನಡುವೆ ಹುಲ್ಲು ಚಿಗುರಿದ ಹಸಿ ಎರೆಮಣ್ಣು. ಮೋಟರ್ ಸೈಕಲ್ ತಂದರೆ ಹೂತುಹೋಗುತ್ತದೆ. ಸೈಕಲ್ಲಾದರೆ ಹೆಗಲಿಗೆ ಹಾಕಿಕೊಂಡಾದರೂ ದಾಟಬಹುದು.

ಜೇಬಿನಲ್ಲಿ ಒಂದು ಕಾಗದ. ದಿಬ್ಬದ ಮೇಲಿನ ಎರಡೆಕರೆಯಲ್ಲಿ ಒಂದೆಕರೆ ಅಕ್ಕ ಇಂದ್ರಾಬಾಯಿಗೆ ಅಂತ ಅವ್ವ ಸಾಯುವಾಗ ಹೇಳಿದ್ದಳು. ಅದನ್ನು ತಮ್ಮನಿಗೆ ಬಿಟ್ಟೆ ಅಂತ ಅಕ್ಕನಿಂದ ಸಹಿ ಹಾಕಿಸಿಕೊಂಡು ಬರುತ್ತಿದ್ದ.

"ಸಹಿ ಹಾಕಲಿಲ್ಲಂದ್ರ ತವರ ಬಾಗ್ಲಾ ಮುಚ್ಚಿತಂತ ತಿಳಕೋ" ಅಂದಿದ್ದ.

"ತವರ ನೀರಾಗ ಮುಳುಗಿ ಇಪ್ಪತ್ತ ವರ್ಷಾತು ಚಂದ್ಯಾ. ಈಗ ಯಾವ ಬಾಗ್ಲಾ ಮುಚ್ಚತಿ?"

ಅಷ್ಟೇ ಅಂದು ಸಹಿ ಹಾಕಿದಳು. ಮನೆಗೆ ಬಂದ ತಮ್ಮನನ್ನು ಬರಿಗೈಯಲ್ಲಿ ಕಳಿಸಲಾಗದೆ ಕರಿಗಡಬು ಗಂಟು ಕಟ್ಟಿದಳು. ರಾತ್ರಿ ಹೊತ್ತು ಕರಿದದ್ದು ಒಯ್ಯುವಾಗ ಒಳಗೊಂದು ಇದ್ದಿಲು ಇಡಬೇಕು. ವಾಸನೆಗೆ ಎದ್ದು ಬರುವವರು ದೂರ ನಿಲ್ಲುತ್ತಾರೆ. ಪ್ರತಿಸಲ ಅಕ್ಕ ಮರೆಯದೆ ಇಡುತ್ತಿದ್ದಳು.

"ಅಕ್ಕಾ, ಇದ್ದಲಿ?"

"ಒಲಿ ಆರೇತಿ."

ಅವಳ ಬೆನ್ನ ಹಿಂದೆ ಕೆಂಡ ನಿಗಿನಿಗಿ ಅನ್ನುತ್ತಿತ್ತು.

ಮುಳುಗಿದ ಹಳೇ ಊರಿನ ಬಾವಿಕಟ್ಟೆ ಬೇಸಿಗೆಯಲ್ಲಷ್ಟೇ ಮೇಲೆ ಕಾಣುತ್ತದೆ. ಅಲ್ಲಿವರೆಗೆ ಕಪ್ಪೆಗಳ ವಟವಟ. ಬಾವಿ ಹತ್ತಿರ ಬಂದದ್ದೇ... ಗಪ್. ಚೈನು ಕವರಿಗೆ ಉಜ್ಜುವ ಸಪ್ಪಳವೊಂದೇ. ಕಿರಕ್... ಕಿರಕ್... ಆಮೇಲೆ ಹಿಂದೆ ಯಾರೋ ಕೆಸರಿನಿಂದ ಕಾಲು ಕಿತ್ತಂತೆ, ಪಚಕ್. ಕ್ಯಾರಿಯರ್ ಸ್ಪ್ರಿಂಗು ಕುಂಯ್ ಅಂದಿತು. ಹಿಂದಿನ ಗಾಲಿ ಮಣ್ಣಿಗಿಳಿಯಿತು. ಚಂದ್ರಾಮ ತಿರುಗಲಿಲ್ಲ.

"ಕರಿಗಡಬು..." ಕಿವಿ ಹಿಂದೆ ಪಿಸುದನಿ.

ಅವ್ವನದು. ಅವಳನ್ನು ಹೂತದ್ದು ಆ ಬಾವಿಯ ಆಚೆ ಹೊಲದಲ್ಲಿ. ಆಮೇಲೆ ಅದರ ಮೇಲೆ ನೀರು ಬಂತು.

"ಹೂಂ ಯವ್ವಾ..."

"ಅಕಿ ಇದ್ದಲಿ ಇಟ್ಟಿಲ್ಲ."

"ಇಲ್ಲ."

"ಅಕಿಗೆ ನೀ ಏನ್ ಇಟ್ಟಿ?"

ತಣ್ಣಗಿನ ಒದ್ದೆ ಕೈಯೊಂದು ಕಂಕುಳ ಕೆಳಗಿನಿಂದ ಬಂದು ಜೇಬು ತಡವಿತು... ಹೋಯಿತು. ಸೈಕಲ್ ಹಗುರಾಯಿತು. ಕಪ್ಪೆಗಳು ಮತ್ತೆ ಶುರು.

ಮನೆಯಲ್ಲಿ ಗಂಟು ಬಿಚ್ಚಿದ. ಒಂದು ಕಡಬೂ ಕಡಿಮೆಯಾಗಿರಲಿಲ್ಲ. ನಡುವೆ ಒಂದು ಇದ್ದಿಲು, ನೀರು ಸೋರುತ್ತಿತ್ತು. ಕಾಗದ ತೆಗೆದ. ಅಕ್ಕನ ಸಹಿ ಕೆಳಗೆ, ಸಾಕ್ಷಿ ಅಂತ ಬರೆದಲ್ಲಿ, ಕಪ್ಪು ಹೆಬ್ಬೆಟ್ಟು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳ ಹೆಬ್ಬೆರಳಿಗೆ ಕುಡುಗೋಲು ತಗುಲಿದ್ದ ಗೀರೂ ಅದರಲ್ಲಿ ಮೂಡಿತ್ತು.

ಹೆದರಿ ಹರಿದು ಹಾಕಿದ ಅಂದ್ಕೊಂಡ್ರೇನು? ಮರುದಿನವೇ ಮುದ್ದೇಬಿಹಾಳಕ್ಕೆ ಒಯ್ದ. ಪತ್ರ ಬರೆಯುವ ಇಸ್ಮಾಯಿಲ ಕನ್ನಡಕ ಏರಿಸಿ ಕೇಳಿದ, "ಈ ಹೆಬ್ಬೆಟ್ಟ ಯಾರ್ದೋ?"

"ನಮ್ಮವ್ವಂದ್ರಿ."

"ಚಲೋ ಆತ ಬಿಡು. ಹೆತ್ತಾಕಿನ ಸಾಕ್ಷಿ ಅದಾಳಂದ್ರ ಮತ್ತೇನ್ ಬೇಕು!"

ಹೊಲ ಚಂದ್ರಾಮನದಾಯಿತು. ಅಕ್ಕ ಮತ್ತೆ ಗಂಟು ಕಟ್ಟಲಿಲ್ಲ.

ಈಗ ಆ ಎಕರೆಗೆ ಹೋಗುವಾಗ ಹೆಂಡತಿ ಡಬ್ಬಿ ಕಟ್ಟಿ ಕೊಡುತ್ತಾಳೆ. ಮಧ್ಯಾಹ್ನ ಮುಚ್ಚಳ ತೆಗೆದರೆ ರೊಟ್ಟಿ ಮೇಲೆ ಒಂದು ಇದ್ದಿಲು. ದಿನಾ. ಅದನ್ನು ಇಡುವವನು ನಾನೇ ಅಂತ ತಿಳಿದು ಒಮ್ಮೆ ನನ್ನ ಮೇಲೆ ಬಡಿಗೆ ಎತ್ತಿದ್ದ. ಊರಿನ ಉಳಿದ ಕಿಡಿಗೇಡಿತನವೆಲ್ಲ ನಂದೇ, ಒಪ್ಪಿದೆ. ಇದೊಂದು ನಂದಲ್ಲರಿ, ನಮ್ಮವ್ವನಾಣಿ. ಅವರ ಮನೆಗೆ ಗ್ಯಾಸ್ ಒಲೆ ಬಂದು ಹನ್ನೆರಡು ವರ್ಷವಾಯಿತು... ಮತ್ತೆ ಆ ಇದ್ದಿಲು ಯಾವಾಗಲೂ ಹಸಿ ಇರುತ್ತದೆ.