ಭಾಗವಾಗದ ಮೂವತ್ತೊಂಬತ್ತು

ಅಪ್ಪನ ಮೂವತ್ತೊಂಬತ್ತು ಗುಂಟೆಯಲ್ಲಿ ತನ್ನ ಭಾಗ ಕೇಳಿ ಅಣ್ಣನ ಮೇಲೆ ದಾವೆ ಹೂಡಿದ್ದ ಪಾಪಕ್ಕ, ವಕೀಲರನ್ನು ಕಾಣಲು ದೊಡ್ಡಬಳ್ಳಾಪುರದ ಬಸ್ಸು ಹತ್ತಿದ್ದಳು. ಮುಂದಿನ ಸೀಟಿನಲ್ಲಿ ಕಾಲೇಜಿನ ಹುಡುಗಿಯರಿಬ್ಬರು ಯಾವುದೋ ದೊಡ್ಡ ಅವಿಭಾಜ್ಯ ಸಂಖ್ಯೆಯ ಮಾತಿನಲ್ಲಿದ್ದರು.

“ಮೂವತ್ತೊಂಬತ್ತು ಅಂಕಿ ಕಣೇ, ಆದ್ರೂ ಭಾಗ ಆಗಲ್ಲ.”

‘ಅಂಕಿ’ ಹಾರನ್ನಿನಲ್ಲಿ ಮುಳುಗಿತು. ಉಳಿದದ್ದೆಲ್ಲ ಪಾಪಕ್ಕನ ಕಿವಿಗೆ ನೆಟ್ಟಗೆ ಬಂದು ತಾಗಿತು.

“ಎರಡು ಭಾಗಾನೂ ಆಗಲ್ವಾ?” ಇನ್ನೊಬ್ಬ ಹುಡುಗಿ ಕೇಳಿದಳು.

“ಎರಡೂ ಇಲ್ಲ, ಮೂರೂ ಇಲ್ಲ. ಎಷ್ಟು ಒದ್ದಾಡಿದ್ರೂ ಇಡಿಯಾಗೇ ಉಳಿಯುತ್ತೆ.”

ಪಾಪಕ್ಕ ಮುಂದಕ್ಕೆ ಬಾಗಿದಳು. “ಯಾರವ್ವಾ ಹಂಗಂದೋರು?”

“ನಮ್ ಮ್ಯಾತ್ಸ್ ಸರ್ ಆಂಟಿ.”

“ಅವರ್ಗೆ ಹೇಳ್ಕೊಟ್ಟೋನು ನಮ್ಮಣ್ಣ ಚಿಕ್ಕಬೀರಪ್ಪ ತಾನೆ?”

“ಯಾರೂ ಹೇಳ್ಕೊಡ್ಬೇಕಾಗಿಲ್ಲ ಆಂಟಿ. ಅದು ಸಾಬೀತಾಗಿ ನೂರೈವತ್ತು ವರ್ಷ ಆಗೋಯ್ತು. ಇನ್ನು ಯಾರೂ ಏನೂ ಮಾಡೋಕಾಗಲ್ಲ.”

ಕಾಲೇಜು ಬಂತು. ಹುಡುಗಿಯರು ನಗುತ್ತ ಇಳಿದುಹೋದರು.

ಪಾಪಕ್ಕ ಪಕ್ಕದವಳನ್ನು ಮೊಣಕೈಯಲ್ಲಿ ತಿವಿದಳು. “ಕೇಳಿಸ್ಕೊಂಡ್ಯಾ? ನಮ್ಮಪ್ಪ ಹುಟ್ಟೋಕ್ ಮುಂಚೇನೇ ನಮ್ಮಣ್ಣ ಜಮೀನು ಬರೆಸ್ಕೊಂಡವ್ನೆ, ಕಳ್ಳ!”