ಕುರ್ಲಾದ ಸ್ಟೀಲ್ ಟಾಕಿ

ರೈಲ್ವೆ ಸ್ಟ್ರೈಕ್ ಆದ ವರ್ಷ. ಲೋಕಲ್ ಇರಲಿಲ್ಲ. ನಮ್ಮ ದೊಡ್ಡವ್ವನ ಮಗಳು ಸೋಮವ್ವ ಘಾಟಕೋಪರದಾಗ ಬಿಲ್ಡಿಂಗ್ ಕೆಲಸ ಮುಗಿಸಿ ಕುರ್ಲಾದ ಚಾಳಿಗೆ ನಡಕೋತ ಹೊಂಟಿದ್ಳು. ತಡಾ ಆತಂತ ಆಕಿ ಅಣ್ಣ ಖಂಡಪ್ಪ ಹುಡುಕಿಕೊಂಡು ಎದುರಿಗೆ ಬಂದ. ಕತ್ತಲಾಗಿತ್ತು. ಹಾಳು ಬಾವಿ ಕಡೆಯಿಂದ ಹೋದ್ರ ದಾರಿ ಹತ್ರ. ಅಂವ ಬ್ಯಾಡ ಅಂದ. ಆಕಿ ಕಾಲು ಸೋತಿದ್ವು... ಕೇಳಲಿಲ್ಲ.

ಬಾವಿ ಮಗ್ಗಲಕ್ಕ ಒಂದು ಕಾರ್ಖಾನಿ. ಕುಡಿಯೂ ನೀರು ತುಂಬಾಕ, ಮಿಲ್ಲಿನ ಹೊಲಸು ನೀರು ಶುದ್ಧ ಮಾಡಾಕ, ದೊಡ್ಡ ದೊಡ್ಡ ಸ್ಟೀಲ್ ಟಾಕಿ ಮಾಡ್ತಿದ್ರು. ಹಿಂದಿನ ವರ್ಷ ಅಂಥಾ ಒಂದು ಟಾಕಿಯೊಳಗ ಸೋಮವ್ವನ ಗಂಡ ಚಂದ್ರಾಮ ಸತ್ತಿದ್ದ. ವೆಲ್ಡಿಂಗ್ ಗ್ಯಾಸ್ ಅದು... ವಾಸನಿ ಇಲ್ಲ, ಹೊಗಿ ಇಲ್ಲ. ಒಳಗ ತುಂಬಿದ್ರ ಮನಷ್ಯಾ ತಿಳಿಯೂದ್ರಾಗ ಬಿದ್ದಿರ್ತಾನ. ಅದಕ್ಕ ಒಳಗ ಇಳಿದಂವ ಸೊಂಟಕ್ಕ ಹಗ್ಗ ಕಟಗೋತಿದ್ದ. ಹೊರಗೊಬ್ಬ ಹಿಡಕೊಂಡು ಕೂಡೂದು. ಅವತ್ತು ಹಗ್ಗ ಖಂಡಪ್ಪನ ಕೈಯಾಗ.

ಪೊಲೀಸರಿಗೂ ತಂಗಿಗೂ ಖಂಡಪ್ಪ ಒಂದ ಮಾತು ಹೇಳಿದ. ಚಂದ್ರಾಮ ಕುಡಿದು ಬಂದಿದ್ದ, ಹಗ್ಗ ತಾನ ಬಿಚ್ಚಿದ, ನಾ ಜಗ್ಗಿದ್ರ ಬರೇ ಹಗ್ಗ ಬಂತು ಅಂತ. ಒಡಹುಟ್ಟಿದಂವ ಹೇಳಿದ ಮ್ಯಾಲ ಯಾರು ನಂಬಂಗಿಲ್ಲ? ಸೋಮವ್ವ ಸತ್ತ ಗಂಡನ್ನ ವರ್ಷಪೂರ್ತಿ ಬೈದ್ಳು. ಹಿರೇರ ಅಮಾಸಿಗೆ ಎಡಿ ಸುದ್ದಾ ಇಡಲಿಲ್ಲ. ಖಂಡಪ್ಪ ಆ ಕಾರ್ಖಾನ್ಯಾಗ ಮಿಸ್ತ್ರಿ ಆದ. ತಂಗೀನ ತನ್ನ ಖೋಲಿಯೊಳಗ ಇಟಗೊಂಡ.

ಮನಷ್ಯಾ ಸತ್ತ ಟಾಕಿ ಅಂತ ಅದನ್ನ ಮಾಡಾಕ ಹೇಳಿದ್ದ ಮಿಲ್ಲಿನವ್ರು ಒಯ್ಯಲಿಲ್ಲ. ಬಾವಿ ಹತ್ರ ಹಂಗ ಬಿದ್ದಿತ್ತು. ಮುಚ್ಚಳಕ್ಕ ಬೋಲ್ಟ್ ಬಿಗಿದಿದ್ರು.

ಸ್ಟ್ರೈಕಿನ ಆ ರಾತ್ರಿ ಅಣ್ಣ ತಂಗಿ ಅದರ ಮುಂದ ಬಂದಾಗ... ಟಿಣ್.

ಬಿಸಲಿಗೆ ಕಾದ ಸ್ಟೀಲ್ ಆರತೈತಿ, ಬಾ ಅಂತ ಖಂಡಪ್ಪ ಕೈ ಹಿಡಿದು ಎಳೆದ.

ಮತ್ತ... ಟಿಣ್, ಟಿಣ್. ಬೆರಳಿನ ಗಿಣ್ಣಿಲೆ ಬಾಗಲಾ ಬಡದಂಗ. ಆಮ್ಯಾಲ ಸರ್‍ರ್... ಸರ್‍ರ್... ತೊಗಲಿನ ಕೈಗವಸು ತಗಡಿಗೆ ತಿಕ್ಕಿದ ಸಪ್ಪಳ. ಕೆಳಗಿಂದ ಮ್ಯಾಲ. ನಿಂತಿತು. ಆಮ್ಯಾಲ ಒಳಗಿಂದ ಸಣ್ಣ ದನಿ.

"ಖಂಡೂ... ಎಲ್ಲಿ ಹೋದಿ?"

ಖಂಡಪ್ಪನ್ನ ಖಂಡೂ ಅಂತಿದ್ದಂವ ಚಂದ್ರಾಮ ಒಬ್ಬನ.

ಸೋಮವ್ವ ಕೈ ಬಿಡಿಸಿಕೊಂಡ್ಳು. ಅಣ್ಣನ ಮಾರಿ ನೋಡಿದ್ಳು. ಅಂವ ಓಡಲಿಲ್ಲ, ಬೋಲ್ಟ್ ಬಿಗಿದ ಮುಚ್ಚಳಾನ ನೋಡ್ಕೋತ ನಿಂತಿದ್ದ.

"ಎಲ್ಲಿ ಹೋಗಿದ್ದಿ?" ಆಕೀನೂ ಪಿಸುಗುಟ್ಟಿ ಕೇಳಿದ್ಳು.

"ಹಗ್ಗ ಪೈಪಿಗೆ ಕಟ್ಟಿ... ಇಸ್ಪೀಟ್ ಆಡಾಕ."

"ಅಂವ ಕುಡಿದಿದ್ನೇನು?"

"ಇಲ್ಲ... ಮಾಲಕ ಹಂಗ ಹೇಳು ಅಂದ."

ಸೋಮವ್ವ ಟಾಕಿಗೆ ಹಣಿ ಹಚ್ಚಿ ನಿಂತ್ಳು. ಗಂಡಗ ಏನೇನ ಬೈದಿದ್ಳೋ ಎಲ್ಲಾ ಅವನ ಮುಂದ ಹೇಳಿಕೊಂಡ್ಳು. ಒಳಗ ಸಪ್ಪಳಿಲ್ಲ... ಕೇಳಾಕತ್ತಾನ ಅನಸ್ತು ಅಂತ ನಮ್ಮ ಮುಂದ ಹೇಳಿದ್ಳು.

ಆಕಿ ಚಾಳಿಗೆ ಹೋಗಲೇ ಇಲ್ಲ. ಆಂಟಾಪ್ ಹಿಲ್‌ನ್ಯಾಗ ನಮ್ಮ ಮನಿ, ಅಲ್ಲೀತನಕ ನಡಕೋತ ಬಂದ್ಳು. ಮರುದಿನ ಖಂಡಪ್ಪಗ ಪೊಲೀಸರ ಮುಂದ ಖರೇ ಹೇಳಂತ ಹೇಳಿಕಳಿಸಿದ್ಳು. ಹೂಂ ಅಂದ. ಠಾಣೆಯೊಳಗ ಕೂತು ಮತ್ತ ಅದ ಮಾತು, ಕುಡಿದಿದ್ದ ಅಂತ. ಜೋಡಿ ಹೋಗಿದ್ದ ತಂಗಿ ಎದುರಿಗೇ ಅಂದ! ನಾಗರ ಪಂಚಮಿಗೆ ತವರಿನ ಸೀರಿ ತಗೊಂಡು ಬಂದು ನಮ್ಮ ಹೊಸ್ತಿಲದಾಗ ನಿಂತ. ಆಕಿ ಬಾಗಲಾ ತಗೀಲಿಲ್ಲ. ಆ ವರ್ಷ ಹಿರೇರ ಅಮಾಸಿಗೆ ಗಂಡಗ ಎಡಿ ಇಟ್ಳು.

ಟಾಕಿ ಏನಾತು ಅಂತೀರಿ? ಮಾಲಕ ಪಾಲಿಶ್ ಹೊಡಿಸಿ ವಿಲೆ ಪಾರ್ಲೆದ ಒಂದು ಬಿಲ್ಡಿಂಗಿಗೆ ಕುಡಿಯೂ ನೀರಿಗಂತ ಮಾರಿದ. ನಾ ಅಲ್ಲೇ ವಾಚಮನ್ ಇದ್ದೆ. ನೆಲಮಾಳಿಗ್ಯಾಗ ಇಟ್ಟಿದ್ರು, ಬಿಸಲು ಬೀಳೂ ಜಾಗಾ ಅಲ್ಲ. ಪ್ಲಂಬರ್ ಜಮಾಲಸಾಬ ಎಲ್ಲಾ ಬಿಚ್ಚಿ ನೋಡಿದ, ಏನೂ ಸಿಗಲಿಲ್ಲ. ಡಿಸೆಂಬರ್ ಚಳಿ, ನಳದ ನೀರು ಬೆರಳು ಕೊರೀತಿತ್ತು... ಟಾಕಿಯೊಳಗಿನ ನೀರು ಮಾತ್ರ ಬೆಚ್ಚಗ. ಕಾಸಿದಷ್ಟಲ್ಲ. ಮಲಗಿದ ಮನಷ್ಯಾನ ಮೈ ಇರತೈತಲ್ಲ, ಅಷ್ಟ. ಸುಳ್ಳಲ್ಲ, ನಾನ ಕೈ ಇಟ್ಟು ನೋಡೀನಿ.